ಕಚ್ಚಾ ಹೊಲಿಗೆ

ಆರು ಜನಕ್ಕೆ ಮಾತ್ರ ಕಳಿಸಿದ್ದೇನೆ.
ಏಳನೆಯವರಿಗೆ ಕೊಡಬೇಡಿ, ದಯವಿಟ್ಟು.
ಮದುವೆ ಮನೆಯ ಅಡುಗೆಯವನು
ಅಂಗೈಗೆ ಹಾಕಿ ರುಚಿ ಕೇಳುವ ಸಾರು ಇದು,
ಪಂಕ್ತಿಗೆ ಬಡಿಸುವುದಲ್ಲ.

ಆಟದಲ್ಲಿ ಒಂದು ಕತ್ತೆ. ಬೆನ್ನ ಮೇಲೆ ಜೀನ್ಸಿನ ಗಂಟು.
ಕೌಲ್ ಬಜಾರಿನಿಂದ ಹೊರಟು, ರೈಲ್ವೆ ಗೇಟು ದಾಟಿ,
ಕತ್ತಲಾಗುವುದರೊಳಗೆ
ವಾಷಿಂಗ್ ಯೂನಿಟ್ಟು ಮುಟ್ಟಬೇಕು.
ಇಷ್ಟೇ ಕಥೆ.

ಹೋದ ವರ್ಷ ಪೋಸ್ಟರಿನಲ್ಲಿ ನಾನೇ ಬರೆದಿದ್ದೆ:
"ಇಡೀ ಬಳ್ಳಾರಿ ನಿಮ್ಮ ಬೆರಳ ತುದಿಯಲ್ಲಿ!"
ಇಡೀ ಬಳ್ಳಾರಿ ಇಲ್ಲ.
ಒಂದೂವರೆ ಬೀದಿ ಇದೆ.
ಆ ಅರ್ಧ ಬೀದಿಯ ಕೊನೆಗೆ ಹೋಗಬೇಡಿ,
ನೆಲ ಮುಗಿಯುತ್ತದೆ, ಕತ್ತೆ ಬೀಳುತ್ತದೆ,
ಬೀಳುತ್ತಲೇ ಇರುತ್ತದೆ. ಕೆಳಗೆ ನಾನು ಏನೂ ಬರೆದಿಲ್ಲ.
ಗುಡ್ಡ ಇದೆ, ಹತ್ತಲು ಬರುವುದಿಲ್ಲ.
ಕೋಟೆಯೊಳಗೆ ಏನಿದೆ ಎಂದು ಎರ್ರಿಸ್ವಾಮಿ ಕೇಳಿದ.
ಏನೂ ಇಲ್ಲ ಎರ್ರಿ, ಅದಕ್ಕೆ ಹಿಂಭಾಗವೇ ಇಲ್ಲ.
ಕಟ್ಟೆಯ ಮುದುಕಿಗೆ ಬರುವುದು ಒಂದೇ ಮಾತು:
"ಬಾರಪ್ಪಾ, ಬಿಸಿಲು ಬಹಳ."
ಎಷ್ಟು ಸಲ ಒತ್ತಿದರೂ ಬಿಸಿಲು ಬಹಳ.
ಮತ್ತೆ, ಸೂರ್ಯ ಮುಳುಗುವುದಿಲ್ಲ.
ತಪ್ಪುಗಳ ಪಟ್ಟಿಯಲ್ಲಿ ಇದನ್ನೂ ಹಾಕಿದ್ದೆ,
ಹುಲಿಗೆಮ್ಮ ಹೊಡೆದುಹಾಕಿ ಪಕ್ಕದಲ್ಲಿ ಬರೆದಳು:
ತಪ್ಪಲ್ಲ, ಏಪ್ರಿಲ್.

ಹಗಲಲ್ಲಿ ನಾನು ಪ್ಯಾಟರ್ನ್ ಕತ್ತರಿಸುವವಳು,
ದಾದಾಪೀರ್ ಮಾಸ್ತರರ ಜೀನ್ಸ್ ಯೂನಿಟ್ಟಿನಲ್ಲಿ, ಹನ್ನೊಂದು ವರ್ಷ.
ಹೊಸ ಮಾದರಿ ನೋಡಲು ವ್ಯಾಪಾರಿ ಬಂದರೆ ಮಾಸ್ತರರು
ಮೊದಲು ಕಚ್ಚಾ ಹೊಲಿದದ್ದನ್ನು ತೊಡಿಸುತ್ತಾರೆ.
ನೀಲಿ ಬಟ್ಟೆಗೆ ಬಿಳಿ ದಾರ, ಒಂದು ಕಾಲು ಉದ್ದ,
ಜೇಬಿಲ್ಲ, ಗುಂಡಿಯ ಜಾಗದಲ್ಲಿ ಸೀಮೆಸುಣ್ಣದ ಗೀಟು.
"ಕನ್ನಡಿ ನೋಡಬೇಡಿ ಸಾವ್ಕಾರ್ರೇ" ಎನ್ನುತ್ತಾರೆ,
"ಕೂತು ನೋಡಿ. ಎಲ್ಲಿ ಹಿಡೀತದೆ ಹೇಳಿ."
ಬಿಳಿ ದಾರ ಬೇಕಂತಲೇ.
ಮುಗಿದಿಲ್ಲ ಎಂದು ದೂರದಿಂದಲೇ ಕಾಣಲಿ ಅಂತ,
ಎಳೆದರೆ ಬಟ್ಟೆಗೆ ನೋವಾಗದೆ ಬಿಚ್ಚಿಕೊಳ್ಳಲಿ ಅಂತ.

ನನ್ನ ಬಿಳಿ ದಾರವನ್ನು ಎಲ್ಲಿ ಹಾಕಲಿ?
ಪರದೆಯ ಮೂಲೆಯಲ್ಲಿ "ಪರೀಕ್ಷೆಗೆ ಮಾತ್ರ" ಎಂದು ಬರೆದೆ.
ಯಾರೂ ಓದಲಿಲ್ಲ.
ಅಕ್ಷರ ಕೆಂಪು ಮಾಡಿದೆ. ದೊಡ್ಡದು ಮಾಡಿದೆ.
ಚಿಕ್ಕಪ್ಪನ ಮಗ ಎರಡು ನಿಮಿಷ ಆಡಿ
"ಇದಕ್ಕಾ ಅಕ್ಕ ನಿದ್ದೆಗೆಟ್ಟಿದ್ದು?" ಅಂದ.
ಅವನಿಗೆ ಮೊದಲೇ ಹೇಳಿದ್ದೆ. ಅತಿಯಾಗಿ ಹೇಳಿದ್ದೆ.
ಕೆಟ್ಟದಾಗಿದೆ, ಕೆಟ್ಟದಾಗಿದೆ ಎಂದು ಎಷ್ಟು ಸಾರಿದೆನೆಂದರೆ
ಅವನು ಆಟ ಆಡಲೇ ಇಲ್ಲ, ಕೆಟ್ಟದ್ದನ್ನು ಎಣಿಸಿದ.
ಉಪ್ಪು ಕಡಿಮೆ ಎಂದು ಹೇಳಿ ಬಡಿಸಿದರೆ
ನಾಲಿಗೆ ಉಪ್ಪನ್ನೇ ಹುಡುಕುತ್ತದೆ.

ಆಸೆ ಇಳಿಸಿ ಎನ್ನುತ್ತಿಲ್ಲ.
ಮಾರ್ಜಿನ್ ಬಿಡಿ, ಅರ್ಧ ಇಂಚು,
ಆಮೇಲೆ ಬಿಚ್ಚಿ ಅಗಲ ಮಾಡಲು ಬರುವಷ್ಟು.

ಏಳನೆಯವನು ಗಾದಿಲಿಂಗ. ಲೆಕ್ಕದಲ್ಲೇ ಇರಲಿಲ್ಲ.
ಒಂಬತ್ತು ವರ್ಷ. ಮಷೀನು ರಿಪೇರಿಗೆ ಬಂದ ಅಪ್ಪನ ಹಿಂದೆ ಬಂದು
ನನ್ನ ಕುರ್ಚಿಯಲ್ಲಿ ಕೂತುಬಿಟ್ಟಿದ್ದ,
ಅವನಿಗೆ ಏನೂ ಹೇಳಲಾಗಲಿಲ್ಲ.
ಕತ್ತೆಯನ್ನು ಗೇಟಿನವರೆಗೆ ಹೊಡೆದುಕೊಂಡು ಹೋಗಿ
ಬೇವಿನ ನೆರಳಿಗೆ ನಿಲ್ಲಿಸಿದ.
ನಾನು ಎರಡು ಮಾದರಿ ಕತ್ತರಿಸಿ, ಚಹಾ ಕುಡಿದು ಬಂದರೂ
ಅಲ್ಲೇ ನಿಂತಿದ್ದಾನೆ.
ಮುಕ್ಕಾಲು ಗಂಟೆ.
"ಯಾಕೋ?"
"ಗಾಡಿ ಬರ್ಬೇಕಲ್ಲಕ್ಕ. ಕೂಗು ಕೇಳಿಸ್ತು."

ಗಾಡಿ ಬರುವುದಿಲ್ಲ.
ಕೂಗು ಮಾತ್ರ ಹಾಕಿದ್ದೆ, ದೂರದ್ದು ಒಂದು.
ಗೇಟು ಮುಚ್ಚುವುದನ್ನು ಬರೆದಿದ್ದೆ, ತೆರೆಯುವುದನ್ನು ಮರೆತಿದ್ದೆ.
ನೀವು ಆರೂ ಮಂದಿ ಊರಿನ ರೂಢಿಯಂತೆ
ಗೇಟಿನ ಕೆಳಗೇ ಕತ್ತೆಯನ್ನು ನುಗ್ಗಿಸಿ ದಾಟಿದಿರಿ,
ಹಾಗಾಗಿ ನಿಮಗೆ ಸಿಕ್ಕಿಲ್ಲ ಈ ತಪ್ಪು.

ಅಪ್ಪ ಕರೆದ. ಗಾದಿಲಿಂಗ ಎದ್ದ.
"ಬಂದ್ರೆ ಹೇಳಕ್ಕ" ಅಂದ.

ರಾತ್ರಿ ಒಂದು ಗಂಟೆಗೆ ಗೇಟು ತೆರೆಯಿತು.
ಅದಿರಿನ ಗೂಡ್ಸಿಗೆ ಐವತ್ತೆಂಟು ಡಬ್ಬಿ ಜೋಡಿಸಿದೆ,
ಅಷ್ಟು ಕಾದವನಿಗೆ ಚಿಕ್ಕ ಗಾಡಿ ತೋರಿಸಲು ಮನಸ್ಸಾಗಲಿಲ್ಲ.
ಐವತ್ತೆಂಟರಲ್ಲಿ ಹನ್ನೆರಡು ಗಾಳಿಯಲ್ಲಿ ತೇಲುತ್ತಿವೆ.
ಪಟ್ಟಿಗೆ ಸೇರಿಸಿದ್ದೇನೆ.